ಅವಮೌದರ್ಯ ತಪಸ್ಸೂ ಜಠರಪಟ್ಟಿಯ ಚಿಕಿತ್ಸೆಯೂ

ತಪಸ್ಸು ಬಾಹ್ಯವೆಂದೂ ಆಭ್ಯಂತರವೆಂದೂ ಎರಡು ವಿಧ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬ ಆರು ಬಾಹ್ಯ ತಪಸ್ಸುಗಳನ್ನು ಉಮಾಸ್ವಾಮಿ ಆಚಾರ್ಯರು ತತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಈ ಕ್ರಮದಲ್ಲಿಯೇ ಹೇಳಿದ್ದಾರೆ. ಇವುಗಳಲ್ಲಿ ಮೊದಲ ನಾಲ್ಕು ಆಹಾರಕ್ಕೆ ಸಂಬಂಧಿಸಿದವು. ಆದರೆ ನಮ್ಮ ಮನೆಗಳಲ್ಲಿ ಅನಶನಕ್ಕೆ, ಅಂದರೆ ಉಪವಾಸಕ್ಕೆ, ಸಲ್ಲುವ ಮನ್ನಣೆ ಉಳಿದ ಮೂರಕ್ಕೆ ಸಲ್ಲುವುದಿಲ್ಲ. ಹತ್ತು ದಿನ ಉಪವಾಸವಿದ್ದವರಿಗೆ ಬಸದಿಯಲ್ಲಿ ಸನ್ಮಾನ ಮಾಡುತ್ತೇವೆ. ವರ್ಷವಿಡೀ ನಾಲ್ಕು ತುತ್ತು ಕಡಿಮೆ ಉಂಡವರನ್ನು ಯಾರೂ ಗಮನಿಸುವುದಿಲ್ಲ.

ಈ ಪಾಠದಲ್ಲಿ ಅವಮೌದರ್ಯವನ್ನೇ ಮುಖ್ಯವಾಗಿಟ್ಟುಕೊಂಡು ಒಂದು ಹೊಸ ಸಮಸ್ಯೆಯನ್ನು ವಿಚಾರಿಸಬೇಕಾಗಿದೆ. ಸ್ಥೂಲಕಾಯದ ಪರಿಹಾರಕ್ಕಾಗಿ ಜಠರಕ್ಕೆ ಪಟ್ಟಿ ಹಾಕಿಸಿಕೊಂಡವರು ಇಂದು ನಮ್ಮ ಶ್ರಾವಕ ಕುಟುಂಬಗಳಲ್ಲಿಯೂ ಇದ್ದಾರೆ. ಅವರು ವ್ರತಗಳನ್ನು ಹೇಗೆ ಪಾಲಿಸಬೇಕು? ಮನೆಯವರು ಅವರೊಡನೆ ಹೇಗೆ ವರ್ತಿಸಬೇಕು?

ಜಠರಪಟ್ಟಿಯ ಸ್ವರೂಪ

ಸಿಲಿಕೋನಿನಿಂದ ಮಾಡಿದ ಒಂದು ಟೊಳ್ಳು ಉಂಗುರವನ್ನು ಜಠರದ ಮೇಲ್ಭಾಗದ ಸುತ್ತ ತೊಡಿಸುವುದೇ ಈ ಚಿಕಿತ್ಸೆ. ಉಂಗುರದ ಮೇಲೆ 15ರಿಂದ 30 ಮಿಲಿಲೀಟರಿನಷ್ಟು, ಎಂದರೆ ಒಂದೆರಡು ದೊಡ್ಡ ಚಮಚ ಹಿಡಿಯುವ, ಸಣ್ಣ ಚೀಲವೊಂದು ಉಳಿಯುತ್ತದೆ. ಆ ಚೀಲ ಬೇಗ ತುಂಬಿ ನಿಧಾನವಾಗಿ ಬರಿದಾಗುವುದರಿಂದ ಅಲ್ಪಾಹಾರದಲ್ಲಿಯೇ ತೃಪ್ತಿಯುಂಟಾಗುತ್ತದೆ. ಚರ್ಮದ ಕೆಳಗೆ ಒಂದು ಸಣ್ಣ ಬಿಲ್ಲೆಯನ್ನಿಟ್ಟು ನಳಿಕೆಯಿಂದ ಉಂಗುರಕ್ಕೆ ಸೇರಿಸಿರುತ್ತಾರೆ. ವೈದ್ಯರು ಅದರೊಳಕ್ಕೆ ಸೂಜಿಯ ಮೂಲಕ ಲವಣಜಲವನ್ನು ಹಾಕಿ ಪಟ್ಟಿಯನ್ನು ಬಿಗಿಗೊಳಿಸುತ್ತಾರೆ, ತೆಗೆದು ಸಡಿಲಿಸುತ್ತಾರೆ. ಇದರಲ್ಲಿ ಜಠರವನ್ನು ಕತ್ತರಿಸುವುದಿಲ್ಲ. ಪಟ್ಟಿಯನ್ನು ಮುಂದೆ ತೆಗೆಯಲೂ ಬರುತ್ತದೆ.

ಬಿಗಿ ಹೊಂದಿಸಬಹುದಾದ ಇಂತಹ ಪಟ್ಟಿಯನ್ನು ಅಮೆರಿಕದ ಕುಜ್ಮಾಕ್ ಎಂಬ ವೈದ್ಯರು 1986ರಲ್ಲಿ ಬಳಕೆಗೆ ತಂದರು. ಹೊಟ್ಟೆಯನ್ನು ದೊಡ್ಡದಾಗಿ ಸೀಳದೆ ದೂರದರ್ಶಕ ನಳಿಕೆಯ ಮೂಲಕ ಹಾಕುವ ಕ್ರಮವನ್ನು ಬೆಲ್ಜಿಯಂ ದೇಶದಲ್ಲಿ ಬೆಲಚ್ಯೂ ಎಂಬ ವೈದ್ಯರು 1993ರಲ್ಲಿ ಆರಂಭಿಸಿದರು. ಅಮೆರಿಕದ ಸರ್ಕಾರ 2001ರಲ್ಲಿ ಇದಕ್ಕೆ ಅನುಮತಿಯಿತ್ತ ಮೇಲೆ ಜಗತ್ತಿನೆಲ್ಲೆಡೆ ಹಬ್ಬಿತು. ಅನಂತರ ಇದರ ಬಳಕೆ ಬಹಳ ಇಳಿದಿದೆ. ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು, ಮೇಲಿನ ಚೀಲ ಹಿಗ್ಗುವುದು ಮುಂತಾದ ತೊಡಕುಗಳಿಂದ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಬೇಕಾದವರು ಹಲವರು. ಈಗ ಹೆಚ್ಚಾಗಿ ನಡೆಯುತ್ತಿರುವುದು ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ಕತ್ತರಿಸಿ ತೆಗೆಯುವ ಇನ್ನೊಂದು ಚಿಕಿತ್ಸೆ. ಅದು ಹಿಂದಕ್ಕೆ ಮರಳುವಂಥದಲ್ಲ. ಹೊಸದಾಗಿ ಚಿಕಿತ್ಸೆಯ ವಿಚಾರ ಮಾಡುವವರು ಎರಡರ ಗುಣದೋಷಗಳನ್ನೂ ವೈದ್ಯರಲ್ಲಿ ಕೇಳಿ ತಿಳಿಯತಕ್ಕದ್ದು.

ಪಟ್ಟಿಯಿಂದ ತೂಕ ಒಮ್ಮೆಗೇ ಇಳಿಯುವುದಿಲ್ಲ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸರಿಯಾದ ಗತಿ. ಇರಬೇಕಾದ ತೂಕಕ್ಕಿಂತ 40 ಕಿಲೋ ಹೆಚ್ಚಿರುವವರು ಎರಡು ವರ್ಷಗಳಲ್ಲಿ ಸಾಮಾನ್ಯವಾಗಿ 16ರಿಂದ 20 ಕಿಲೋ ಕಳೆದುಕೊಳ್ಳುತ್ತಾರೆ. ಪಟ್ಟಿಯ ಬಿಗಿಯನ್ನು ಹೊಂದಿಸಲು ಮೊದಲ ವರ್ಷ ಹಲವು ಬಾರಿ ವೈದ್ಯರ ಬಳಿಗೆ ಹೋಗಲೇಬೇಕು. ಕಾಕನಕೋಟೆಯ ಕಾಡಂಚಿನ ಊರುಗಳಿಂದ, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳ ಕಡೆಯಿಂದ ಮೈಸೂರಿಗೆ ಮತ್ತೆಮತ್ತೆ ಹೋಗಿಬರುವ ಅನುಕೂಲವಿಲ್ಲದವರು ಇದನ್ನು ಮೊದಲೇ ಯೋಚಿಸಬೇಕು.

ಚಿಕಿತ್ಸೆ ದೇಹಮೋಹವೇ?

“ದೇಹ ಬೇರೆ, ಆತ್ಮ ಬೇರೆ ಎಂದು ಓದುವ ನಾವು ದೇಹಕ್ಕಾಗಿ ಇಷ್ಟು ಮಾಡಿಸಿಕೊಳ್ಳಬಹುದೇ? ಉಪವಾಸದಿಂದಲೇ ತೂಕ ಇಳಿಸಬಾರದೇ?” ಎಂದು ಹಿರಿಯರು ಆಕ್ಷೇಪಿಸುವುದುಂಟು. ಇದಕ್ಕೆ ಸಮಂತಭದ್ರ ಆಚಾರ್ಯರ ಚರಿತ್ರೆಯೇ ಉತ್ತರ ಕೊಡುತ್ತದೆ.

ಸಮಂತಭದ್ರರಿಗೆ ಭಸ್ಮಕವೆಂಬ ವ್ಯಾಧಿ ಬಂದಿತು. ಎಷ್ಟು ಉಂಡರೂ ಬೂದಿಯಾಗಿ ಹಸಿವು ಅಡಗದಿರುವುದೇ ಆ ರೋಗದ ಲಕ್ಷಣ. ಮುನಿಚರ್ಯೆಯಲ್ಲಿ ಅದನ್ನು ತಣಿಸುವ ಉಪಾಯವಿರಲಿಲ್ಲ. ಅವರು ಗುರುಗಳಲ್ಲಿ ಸಲ್ಲೇಖನೆಗೆ ಅನುಜ್ಞೆ ಬೇಡಿದರು. ಗುರುಗಳು ಒಪ್ಪಲಿಲ್ಲ. ಇವರಿಂದ ಮುಂದೆ ಧರ್ಮಪ್ರಭಾವನೆಯಾಗಬೇಕಾಗಿದೆ ಎಂದರಿತು, ದೀಕ್ಷೆಯನ್ನು ಬಿಟ್ಟು ಎಲ್ಲಿಯಾದರೂ ಆಹಾರ ದೊರೆಯುವಲ್ಲಿಗೆ ಹೋಗಿ, ರೋಗ ಶಮನವಾದ ಮೇಲೆ ಮರಳಿ ದೀಕ್ಷೆ ವಹಿಸುವಂತೆ ಆಜ್ಞಾಪಿಸಿದರು. ಸಮಂತಭದ್ರರು ಹಾಗೆಯೇ ನಡೆದರು. ನಮ್ಮ ನಾಡಿನವರೇ ಆದ, ಕನಕಗಿರಿ ಮಲೆಯೂರಿನ ದೇವಚಂದ್ರ ಕವಿ 19ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ರಾಜಾವಳೀಕಥೆಯಲ್ಲಿ ಈ ವೃತ್ತಾಂತ ವಿಸ್ತಾರವಾಗಿದೆ. ಅದಕ್ಕೂ ಏಳುನೂರು ವರ್ಷಗಳ ಹಿಂದೆ, ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯೆಂಬ ಶಾಸನವೂ ಭಸ್ಮಕವನ್ನು ಗೆದ್ದವರೆಂದು ಸಮಂತಭದ್ರರನ್ನು ಸ್ತುತಿಸುತ್ತದೆ.

ಅದೇ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಸಲ್ಲೇಖನೆಯ ಲಕ್ಷಣವನ್ನು ಹೇಳುವಾಗ, ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಎಂದು ಗಡಿ ಹಾಕಿದ್ದಾರೆ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರ ಮಾಡತಕ್ಕದ್ದೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿದರು.

ಇನ್ನೊಂದು ಮಾತು. ಸ್ಥೂಲಕಾಯವೆಲ್ಲವೂ ನಾಲಗೆಯ ಚಾಪಲ್ಯದ ಫಲವೆಂದು ತಿಳಿಯುವುದು ತಪ್ಪು. ವಂಶಗುಣ, ಗ್ರಂಥಿಗಳ ದೋಷ, ಕೆಲವು ಔಷಧಗಳು, ನಿದ್ರೆಯ ಕೊರತೆ ಇವೂ ಕಾರಣಗಳು. ತೂಕ ಇಳಿದೊಡನೆ ದೇಹವೇ ಹಸಿವನ್ನು ಹೆಚ್ಚಿಸಿ ಹಿಂದಿನ ತೂಕಕ್ಕೆ ಎಳೆಯುತ್ತದೆಂಬುದನ್ನು ವೈದ್ಯಶಾಸ್ತ್ರ ಕಂಡುಕೊಂಡಿದೆ. ಅಸಾತಾವೇದನೀಯದ ಉದಯದಿಂದ ಬಂದ ಬಾಧೆಯನ್ನು ಕಂಡು ನಿಂದಿಸುವವನು ತಾನೇ ಕರ್ಮಬಂಧಕ್ಕೆ ಗುರಿಯಾಗುತ್ತಾನೆ.

ಪಟ್ಟಿಯಿಂದಾದ ಮಿತಾಹಾರ ತಪಸ್ಸೇ?

ಇಲ್ಲಿ ಸೂಕ್ಷ್ಮವಾದ ಭೇದವೊಂದಿದೆ. ಪಟ್ಟಿಯಿರುವವನು ಕಡಿಮೆ ಉಣ್ಣುತ್ತಾನೆ. ಹಾಗಾದರೆ ಅವನು ನಿತ್ಯವೂ ಅವಮೌದರ್ಯ ತಪಸ್ವಿಯೇ?

ತತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ದೇವಾಯುವಿನ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಅಕಾಮನಿರ್ಜರೆಯ ಹೆಸರು ಬರುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸೆರೆಮನೆಯ ದೃಷ್ಟಾಂತ ಕೊಡುತ್ತಾರೆ. ಬಂಧನದಲ್ಲಿರುವವನು ಹಸಿವು, ನೀರಡಿಕೆಗಳನ್ನು ಸಹಿಸುತ್ತಾನೆ, ನೆಲದ ಮೇಲೆ ಮಲಗುತ್ತಾನೆ. ಆದರೆ ಅವು ಅವನು ಬಯಸಿ ಮಾಡಿದವಲ್ಲ. ಜಠರಪಟ್ಟಿಯೂ ಹಾಗೆಯೇ ಹೊಟ್ಟೆಗೆ ಹಾಕಿದ ಬಂಧನ. ಅದರ ಬಲದಿಂದ ಮಾತ್ರ ಆದ ಮಿತಾಹಾರಕ್ಕೆ ತಪಸ್ಸಿನ ಹೆಸರು ಸಲ್ಲದು. ತಪಸ್ಸೆಂದರೆ ಇಚ್ಛಾನಿರೋಧ, ಪಟ್ಟಿ ತಡೆಯುವುದು ಅನ್ನವನ್ನು, ಇಚ್ಛೆಯನ್ನಲ್ಲ.

ಇದು ಶಾಸ್ತ್ರದ ಮಾತು ಮಾತ್ರವಲ್ಲ, ಅನುಭವಕ್ಕೂ ಬರುವ ಮಾತು. ಪಟ್ಟಿ ಗಟ್ಟಿ ಆಹಾರವನ್ನು ತಡೆಯುತ್ತದೆ. ಕರಗುವ ಪದಾರ್ಥವನ್ನು ತಡೆಯುವುದಿಲ್ಲ. ಪಾಯಸ, ಬಾದಾಮಿ ಹಾಲು, ಕಬ್ಬಿನ ಹಾಲು, ಐಸ್‌ಕ್ರೀಂ ಇವು ಉಂಗುರದೊಳಗಿಂದ ಸಲೀಸಾಗಿ ಇಳಿದುಹೋಗುತ್ತವೆ. ಮುದ್ದೆಯ ಒಂದು ತುತ್ತು ಇಳಿಯದೆ ಕಷ್ಟಪಡುವವನು ಒಂದು ಲೋಟ ಪಾಯಸವನ್ನು ಕ್ಷಣದಲ್ಲಿ ಕುಡಿದಾನು. ಚಿಕಿತ್ಸೆಯ ಅನಂತರವೂ ತೂಕ ಇಳಿಯದಿರುವುದಕ್ಕೆ, ಇಳಿದದ್ದು ಮರಳುವುದಕ್ಕೆ ಇದು ಒಂದು ಮುಖ್ಯ ಕಾರಣ. ಆದಕಾರಣ ಪಟ್ಟಿಯ ಕೆಲಸ ಎಲ್ಲಿ ನಿಲ್ಲುತ್ತದೋ ಅಲ್ಲಿ ವ್ರತದ ಕೆಲಸ ಆರಂಭವಾಗುತ್ತದೆ. “ಇಂದು ಇಷ್ಟೇ ತುತ್ತು, ಈ ರಸ ನನಗಿಲ್ಲ” ಎಂದು ಬೆಳಗ್ಗೆ ದೇವರ ಮುಂದೆ ಸಂಕಲ್ಪಿಸಿ ನಡೆದರೆ ಅದೇ ಮಿತಾಹಾರ ತಪಸ್ಸಾಗುತ್ತದೆ.

ತುತ್ತಿನ ಲೆಕ್ಕ

ಮೂಲಾಚಾರ, ಭಗವತೀ ಆರಾಧನೆ ಮೊದಲಾದ ಗ್ರಂಥಗಳಲ್ಲಿ ಪುರುಷರ ಸಹಜ ಆಹಾರ 32 ಕವಲ, ಸ್ತ್ರೀಯರದು 28 ಕವಲವೆಂದು ಹೇಳಿದೆ. ಅದರಿಂದ ಒಂದೊಂದು ತುತ್ತು ಕಡಿಮೆ ಮಾಡುತ್ತ ಹೋಗುವುದೇ ಅವಮೌದರ್ಯ. ಪಟ್ಟಿಯಿರುವವರಿಗೆ ಕೆಲವು ತಿಂಗಳಾದ ಮೇಲೆ ಒಂದು ಊಟಕ್ಕೆ ಸಣ್ಣ ಬಟ್ಟಲಿನಷ್ಟು ಆಹಾರ ಸಾಕಾಗುತ್ತದೆ. ದೊಡ್ಡ ಚಮಚವನ್ನು ಒಂದು ತುತ್ತೆಂದು ಎಣಿಸಿದರೆ ಹತ್ತು ಹನ್ನೆರಡು ತುತ್ತು. ಪ್ರತಿ ತುತ್ತನ್ನೂ ಇಪ್ಪತ್ತು ಇಪ್ಪತ್ತೈದು ಬಾರಿ ಅಗಿದು, ಅದು ಇಳಿದ ಮೇಲೆ ಇನ್ನೊಂದನ್ನು ತೆಗೆದುಕೊಳ್ಳಬೇಕು. ಊಟ ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯತಕ್ಕದ್ದು. ಮೌನವಾಗಿ ಉಣ್ಣುವ ನಮ್ಮ ಪದ್ಧತಿ ಇದಕ್ಕೆ ಬಹಳ ಸಹಾಯಕ. ಎದೆಯ ಕೆಳಗೆ ಸ್ವಲ್ಪ ಒತ್ತಿದಂತಾದೊಡನೆ, ತಟ್ಟೆಯಲ್ಲಿ ಉಳಿದಿದ್ದರೂ, ನಿಲ್ಲಿಸಬೇಕು. ಎಂಜಲು ಬಿಡುವ ದೋಷ ಬರಬಾರದೆಂದಾದರೆ ಮೊದಲೇ ಕಡಿಮೆ ಬಡಿಸಿಕೊಳ್ಳಲಿ.

ಹೊಟ್ಟೆಯ ಎರಡು ಭಾಗ ಅನ್ನಕ್ಕೆ, ಮೂರನೆಯದು ನೀರಿಗೆ, ನಾಲ್ಕನೆಯದು ವಾಯುಸಂಚಾರಕ್ಕೆ ಎಂಬ ಮೂಲಾಚಾರದ ವಿಭಾಗ ಪ್ರಸಿದ್ಧವಾದುದು. ಪಟ್ಟಿಯವರು ಇದರಲ್ಲಿ ನೀರಿನ ಭಾಗವನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕು. ಊಟದ ಜೊತೆ ನೀರು ಕುಡಿದರೆ ಆಹಾರ ಬೇಗ ಜಾರಿಹೋಗಿ ತೃಪ್ತಿ ನಿಲ್ಲುವುದಿಲ್ಲ.

ನಮ್ಮ ಅಡಿಗೆಮನೆಯಲ್ಲಿ

ಚಿಕಿತ್ಸೆಯಾದ ಮೊದಲ ಎರಡು ವಾರ ದ್ರವಾಹಾರ, ಮುಂದೆರಡು ವಾರ ನುಣ್ಣಗೆ ಅರೆದದ್ದು, ಅನಂತರ ಮೆತ್ತನೆಯದು, ಸುಮಾರು ಆರರಿಂದ ಎಂಟು ವಾರಗಳ ಮೇಲೆ ಸಾಮಾನ್ಯ ಆಹಾರ — ಇದು ಸಾಮಾನ್ಯ ಕ್ರಮ. ಅವರವರ ವೈದ್ಯರು ಹೇಳಿದಂತೆ ನಡೆಯಬೇಕು.

ನಮ್ಮ ಹುಣಸೂರು, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ರಾಗಿಮುದ್ದೆಯೇ ಮುಖ್ಯ ಊಟ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಪಟ್ಟಿಯಿರುವವರಿಗೆ ಇದೇ ಅಪಾಯ. ನುಂಗಿದ ಮುದ್ದೆ ಉಂಗುರದ ಬಾಯಲ್ಲಿ ಸಿಕ್ಕಿ ಎದೆನೋವು, ಬಾಯಲ್ಲಿ ನೀರೂರುವುದು, ವಾಂತಿ ಆಗುತ್ತವೆ. ರಾಗಿಯನ್ನು ಬಿಡಬೇಕಾಗಿಲ್ಲ, ಗಂಜಿಯಾಗಿಯೋ ಚೆನ್ನಾಗಿ ಅಗಿಯಬಹುದಾದ ತೆಳುರೊಟ್ಟಿಯಾಗಿಯೋ ತೆಗೆದುಕೊಳ್ಳಬಹುದು. ಅಂಟಾದ ಅನ್ನ, ಮೆತ್ತನೆಯ ಬ್ರೆಡ್ಡು, ನಾರು ಹೆಚ್ಚಿರುವ ತರಕಾರಿ ಇವೂ ಸಿಕ್ಕಿಕೊಳ್ಳುತ್ತವೆ.

ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕೆಂದು ವೈದ್ಯರು ಹೇಳುತ್ತಾರೆ. ಇಲ್ಲವಾದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗಿ ನಿಶ್ಶಕ್ತಿ ಬರುತ್ತದೆ, ಕೂದಲು ಉದುರುತ್ತದೆ. 30 ಗ್ರಾಂ ತೊಗರಿ ಅಥವಾ ಹೆಸರುಬೇಳೆಯಲ್ಲಿ ಸುಮಾರು 7 ಗ್ರಾಂ, 200 ಮಿಲಿಲೀಟರ್ ಹಾಲಿನಲ್ಲಿ 6 ಗ್ರಾಂಗೂ ಮಿಗಿಲು, 25 ಗ್ರಾಂ ಸೋಯಾ ಉಂಡೆಗಳಲ್ಲಿ ಸುಮಾರು 13 ಗ್ರಾಂ ದೊರೆಯುತ್ತದೆ. ದ್ವಿದಳದ ದೋಷ ಬಾರದಂತೆ ಬೇಳೆಕಾಳುಗಳನ್ನು ಒಂದು ಹೊತ್ತಿಗೆ, ಹಾಲು ಮೊಸರುಗಳನ್ನು ಇನ್ನೊಂದು ಹೊತ್ತಿಗೆ ಇಟ್ಟುಕೊಳ್ಳಬೇಕು. ಹೇಗೂ ಒಮ್ಮೆಗೆ ಸ್ವಲ್ಪವೇ ಉಣ್ಣುವವರಿಗೆ ಇದು ಕಷ್ಟವಲ್ಲ.

ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಪಟ್ಟಿಯವರು ಪರಿತ್ಯಾಗಕ್ಕೆ ಮೊದಲು ಆರಿಸಿಕೊಳ್ಳತಕ್ಕದ್ದು ಬೆಲ್ಲಸಕ್ಕರೆ ಮತ್ತು ತುಪ್ಪ. ಪಟ್ಟಿ ತಡೆಯಲಾರದ್ದನ್ನು ತಡೆಯುವ ವ್ರತವಿದು. ಹಾಲನ್ನು ಬಿಡುವುದಾದರೆ ಪ್ರೋಟೀನಿಗೆ ಬೇರೆ ದಾರಿ ಮಾಡಿಕೊಂಡೇ ಬಿಡಬೇಕು.

ಜೀವಸತ್ವಗಳ ವಿಷಯದಲ್ಲಿಯೂ ಎಚ್ಚರ ಬೇಕು. ಅನೇಕ ಗುಳಿಗೆಗಳ ಹೊರಕವಚ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಾಟಿನ್ನಿನದು. ಮಾತ್ರೆ ಅಥವಾ ದ್ರವರೂಪದಲ್ಲಿ ಕೊಡುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು. ಬಿ-12 ಜೀವಸತ್ವವನ್ನು ಸೂಕ್ಷ್ಮಾಣುಗಳಿಂದ ತಯಾರಿಸುತ್ತಾರೆ. ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯವಾದ್ದರಿಂದ ಅಲಕ್ಷಿಸಬಾರದು. ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ತೆಗೆದದ್ದು. ಫಾಂಡಾಪಾರಿನಕ್ಸ್ ಎಂಬುದು ಕೃತಕವಾಗಿ ತಯಾರಿಸಿದ್ದು. ಬದಲಿ ಸಾಧ್ಯವೇ ಎಂದು ಮೊದಲೇ ವಿಚಾರಿಸುವುದು ಶ್ರಾವಕರ ಹಕ್ಕು. ಆದರೆ ಪ್ರಾಣಕ್ಕೆ ಎರವಾಗುವಂತೆ ಹಟ ಹಿಡಿಯಬಾರದು. ಅನಿವಾರ್ಯವಾದರೆ ತೆಗೆದುಕೊಂಡು ಅನಂತರ ಗುರುಗಳಲ್ಲಿ ಪ್ರಾಯಶ್ಚಿತ್ತ ಕೇಳಿಕೊಳ್ಳಲಿ.

ಕಾಲನಿಯಮ

ಸೂರ್ಯೋದಯದ ಎರಡು ಗಳಿಗೆಯ ಮೇಲೆ, ಸೂರ್ಯಾಸ್ತದ ಎರಡು ಗಳಿಗೆಯ ಮೊದಲು, ಎಂದರೆ 48 ನಿಮಿಷಗಳ ಅಂತರವಿಟ್ಟು, ಆಹಾರ ಮುಗಿಸುವುದು ನಮ್ಮ ನಿಯಮ. ಚಳಿಗಾಲದಲ್ಲಿ ಉಳಿಯುವುದು ಹತ್ತು ಗಂಟೆಗಳ ಅವಧಿ. ಇದರಲ್ಲಿ ಮೂರು ಊಟ, ಒಂದೂವರೆ ಎರಡು ಲೀಟರ್ ನೀರು, ಊಟಕ್ಕೂ ನೀರಿಗೂ ನಡುವೆ ಅರ್ಧ ಗಂಟೆಯ ಅಂತರ, ಇವೆಲ್ಲ ಹಿಡಿಯಬೇಕು. ಬೆಳಗ್ಗೆ ಮೊದಲು ಬಿಸಿನೀರು, ಎಂಟಕ್ಕೆ ಉಪಾಹಾರ, ಹನ್ನೆರಡಕ್ಕೆ ಊಟ, ಸಂಜೆ ನಾಲ್ಕಕ್ಕೆ ಕೊನೆಯ ಊಟ, ಐದಕ್ಕೆ ಕೊನೆಯ ನೀರು, ನಡುವಣ ಹೊತ್ತಿನಲ್ಲಿ ಸೋಸಿ ಕಾಯಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು. ಹೀಗೆ ಹೊಂದಿಸಿಕೊಂಡರೆ ರಾತ್ರಿಭೋಜನ ತ್ಯಾಗಕ್ಕೆ ಭಂಗವಿಲ್ಲ. ಚತುರ್ವಿಧಾಹಾರವನ್ನೂ ರಾತ್ರಿ ಬಿಡಬೇಕೆನ್ನುವವರು ಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ನೀರು ಮತ್ತು ಔಷಧಗಳ ವಿನಾಯಿತಿಯನ್ನು ಇಟ್ಟುಕೊಳ್ಳುವುದು ವಿಹಿತ.

ಪರ್ವದ ಉಪವಾಸ

ಈಗ ಕಠಿಣವಾದ ಪ್ರಶ್ನೆ. ಒಬ್ಬ ಶ್ರಾವಿಕೆ ಅನಂತವ್ರತವನ್ನು ಹಿಡಿದು ಹನ್ನೊಂದು ವರ್ಷಗಳಾಗಿವೆ ಎಂದಿಟ್ಟುಕೊಳ್ಳೋಣ. ಹದಿನಾಲ್ಕು ವರ್ಷ ಪೂರ್ತಿಯಾಗಿ ಉದ್ಯಾಪನೆಯಾಗಬೇಕು. ನಡುವೆ ಆಕೆಗೆ ಜಠರಪಟ್ಟಿ ಹಾಕಿದರು. ಮಧುಮೇಹವೂ ಇದೆ. ನೀರಿಲ್ಲದ ಉಪವಾಸ ಕೂಡದೆಂದು ವೈದ್ಯರೆನ್ನುತ್ತಾರೆ. ವ್ರತಭಂಗವಾಯಿತೆಂದು ಅತ್ತೆಯವರು ನೊಂದುಕೊಳ್ಳುತ್ತಾರೆ. ಆಕೆ ಯಾರ ಮಾತನ್ನು ಕೇಳಬೇಕು?

ಷೋಡಶಕಾರಣ ಭಾವನೆಗಳನ್ನು ಸ್ಮರಿಸಿರಿ. ಅವುಗಳಲ್ಲಿ ತ್ಯಾಗ, ತಪಗಳೆರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ವಸುನಂದಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ಪ್ರೋಷಧಕ್ಕೆ ಮೂರು ಮೆಟ್ಟಿಲುಗಳನ್ನು ಹೇಳಿದ್ದಾರೆ. ಚತುರ್ವಿಧಾಹಾರ ತ್ಯಾಗ ಉತ್ತಮ. ನೀರನ್ನು ಮಾತ್ರ ಉಳಿಸಿಕೊಳ್ಳುವುದು ಮಧ್ಯಮ. ಆಚಾಮ್ಲ, ನಿರ್ವಿಕೃತಿ, ಏಕಸ್ಥಾನ, ಏಕಭಕ್ತಗಳು ಜಘನ್ಯ. ಜಘನ್ಯವೆಂದರೆ ಕೀಳೆಂದಲ್ಲ, ಮೊದಲ ಮೆಟ್ಟಿಲೆಂದು. ಅದೂ ಪ್ರೋಷಧವೇ.

ಪಟ್ಟಿಯವರಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ? ಏಕಭಕ್ತ ಸುಲಭವೆಂದು ತೋರಿದರೂ ಹಾಗಲ್ಲ. ಒಂದೇ ಕೂತಿನಲ್ಲಿ ಅನ್ನ, ನೀರು ಎರಡನ್ನೂ ಮುಗಿಸಬೇಕೆಂಬ ಆತುರದಲ್ಲಿ ಹೆಚ್ಚು ತುಂಬಿದರೆ ಚೀಲ ಹಿಗ್ಗುತ್ತದೆ, ವಾಂತಿಯಾಗುತ್ತದೆ. ರಸಗಳಿಲ್ಲದ ಗಂಜಿಯ ಆಚಾಮ್ಲ, ಅಥವಾ ಹಾಲು ತುಪ್ಪಾದಿ ವಿಕೃತಿಗಳನ್ನು ಬಿಟ್ಟ ನಿರ್ವಿಕೃತಿ ಅವರಿಗೆ ಹೆಚ್ಚು ಯೋಗ್ಯ. ಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ಯಾವ ಉಪವಾಸವೂ ಬೇಡ. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಂದು ಹೊತ್ತನ್ನೂ ಬಿಡಬಾರದು. ಚಂದ್ರಕಲೆಯಂತೆ ತುತ್ತುಗಳನ್ನು ಏರಿಸಿ ಇಳಿಸುವ ಕವಲಚಾಂದ್ರಾಯಣ, ಅಷ್ಟಾಹ್ನಿಕದ ಸಾಲು ಉಪವಾಸ ಇವು ಅವರಿಗೆ ಹೇಳಿದವಲ್ಲ.

ಹೀಗಿರಲಾಗಿ ಆ ಶ್ರಾವಿಕೆ ವ್ರತವನ್ನು ಬಿಡಬೇಕಾಗಿಲ್ಲ. ವ್ರತ ಕೊಟ್ಟ ಗುರುಗಳಲ್ಲಿಗೆ ಅಥವಾ ಸಮೀಪದಲ್ಲಿ ವಿರಾಜಮಾನರಾದ ತ್ಯಾಗಿಗಳಲ್ಲಿಗೆ ಅತ್ತೆ ಸೊಸೆಯರಿಬ್ಬರೂ ಹೋಗಿ, ವೈದ್ಯರ ಮಾತನ್ನು ಮುಚ್ಚುಮರೆಯಿಲ್ಲದೆ ಅರಿಕೆ ಮಾಡಿ, ಉಳಿದ ಮೂರು ವರ್ಷಗಳಿಗೆ ರೂಪವನ್ನು ಬದಲಿಸಿಕೊಳ್ಳಲಿ. ತಾವೇ ಬದಲಿಸಿಕೊಳ್ಳುವುದು ಶಿಥಿಲಾಚಾರಕ್ಕೆ ದಾರಿ; ಗುಟ್ಟಾಗಿ ಉಂಡು ಉಪವಾಸವೆಂದು ಹೇಳುವುದು ಮಾಯಾಚಾರ. ಆ ದಿನದ ಅಭಿಷೇಕ, ಪೂಜೆ, ಸ್ವಾಧ್ಯಾಯ, ಆರಂಭತ್ಯಾಗ ಇವಾವುದಕ್ಕೂ ಪಟ್ಟಿ ಅಡ್ಡಿಯಲ್ಲ. ಪ್ರೋಷಧದ ಹೆಚ್ಚಿನ ಭಾಗ ಇವುಗಳಲ್ಲಿಯೇ ಇದೆ.

ಪಾರಣೆಯ ದಿನ ವಿಶೇಷ ಎಚ್ಚರ ಬೇಕು. ಬೆಳಗಿನ ಹೊತ್ತು ಪಟ್ಟಿ ಹೆಚ್ಚು ಬಿಗಿಯಾಗಿರುವಂತೆ ಹಲವರಿಗೆ ತೋರುತ್ತದೆ. ಮೊದಲು ಬಿಸಿನೀರು, ಅರ್ಧ ಗಂಟೆಯ ಮೇಲೆ ತೆಳು ಗಂಜಿ. ಹೋಳಿಗೆ, ಕಜ್ಜಾಯಗಳ ಪಾರಣೆ ಸಲ್ಲದು.

ಮನೆಯವರ ಕರ್ತವ್ಯ

ಮದುವೆ, ಪಂಚಕಲ್ಯಾಣಗಳ ಪಂಕ್ತಿಯಲ್ಲಿ “ಇನ್ನೊಂದು ಹಾಕಿಸಿಕೊಳ್ಳಿ, ಏನಾಗುತ್ತದೆ?” ಎಂದು ಬಲವಂತ ಮಾಡುವುದು ಉಪಚಾರವಲ್ಲ. ತೂಕ ಎಷ್ಟಿಳಿಯಿತೆಂದು ಎಲ್ಲರ ಮುಂದೆ ಕೇಳುವುದೂ, ಮತ್ತೆ ಏರಿದವರನ್ನು ಹಂಗಿಸುವುದೂ ವಾತ್ಸಲ್ಯಾಂಗಕ್ಕೆ ವಿರುದ್ಧ. ಅವರಿಗೆ ತಕ್ಕ ಅಡಿಗೆಯನ್ನು ಹೊತ್ತಿಗೆ ಸರಿಯಾಗಿ ಒದಗಿಸುವುದು ವೈಯಾವೃತ್ಯ.

ಆಹಾರ ಸಿಕ್ಕಿಕೊಂಡಾಗ ನೀರು ಕುಡಿದು ತಳ್ಳಲು ಯತ್ನಿಸಬಾರದು. ಉಣ್ಣುವುದನ್ನು ನಿಲ್ಲಿಸಿ ಎದ್ದು ಓಡಾಡಬೇಕು. ನೀರೂ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ಅಥವಾ ಎದೆಯ ನೋವು ತೀವ್ರವಾದರೆ, ಜ್ವರ ಬಂದರೆ, ಬಿಲ್ಲೆಯಿರುವ ಜಾಗ ಕೆಂಪಾಗಿ ಬಾತರೆ, ಪರ್ವದ ದಿನವೆಂದು ನೋಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ದಿನಗಟ್ಟಲೆ ವಾಂತಿಯಾದವರಲ್ಲಿ ಬಿ-1 ಜೀವಸತ್ವ ಬತ್ತಿ ನರಗಳಿಗೂ ಮಿದುಳಿಗೂ ಹಾನಿಯಾಗುತ್ತದೆ. ಇದನ್ನು ‘ಉಪವಾಸದ ಆಯಾಸ’ವೆಂದು ತಿಳಿದು ಸುಮ್ಮನಿರುವುದು ಪ್ರಮಾದ. ಗರ್ಭಿಣಿಯರು ಪಟ್ಟಿಯನ್ನು ಸಡಿಲಿಸುವ ಬಗ್ಗೆ ಮೊದಲೇ ವೈದ್ಯರನ್ನು ಕಾಣಬೇಕು.

ಮನನಕ್ಕೆ

1. ಅಕಾಮನಿರ್ಜರೆಗೂ ಅವಮೌದರ್ಯ ತಪಸ್ಸಿಗೂ ಇರುವ ಭೇದವನ್ನು ಜಠರಪಟ್ಟಿಯ ದೃಷ್ಟಾಂತದಿಂದ ವಿವರಿಸಿರಿ.

2. ಸಮಂತಭದ್ರರಿಗೆ ಸಲ್ಲೇಖನೆಯ ಅನುಜ್ಞೆ ದೊರೆಯದಿರಲು ಕಾರಣವೇನು? ರತ್ನಕರಂಡದ ಲಕ್ಷಣದೊಡನೆ ಹೋಲಿಸಿರಿ.

3. ಆರು ರಸಗಳಲ್ಲಿ ನಿಮ್ಮ ಮನೆಯ ರೋಗಿಗೆ ಯಾವುದರ ತ್ಯಾಗ ಹಿತ, ಯಾವುದರ ತ್ಯಾಗ ಅಹಿತ?

4. ಪಟ್ಟಿಯಿಲ್ಲದ, ಆರೋಗ್ಯವಂತರಾದ ನಾವು ನಿನ್ನೆಯ ಊಟದಲ್ಲಿ ಎಷ್ಟು ತುತ್ತು ಉಂಡೆವು? ಎಣಿಸಿದ್ದೆವೇ?